ಮೊದಲು ‘ಯಾವಾಗ’ ಎಂದು ಕೇಳುತ್ತಿದ್ದ ಡಾಕ್ಟರು

ಆ ಭಾನುವಾರ ಅವರು ನಮ್ಮ ಗಾಣಕ್ಕೆ ಬಂದಿದ್ದರು. ಬೆಲ್ಲ ಮಾಡುವ ಜಾಗಕ್ಕೆ ನಮ್ಮ ಕಡೆ ಗಾಣ ಎನ್ನುತ್ತೇವೆ. ಚಿಕ್ಕೋಡಿಯಿಂದ ರಾಯಬಾಗದ ಕಡೆ ಹೋಗುವ ರಸ್ತೆಯ ಮಗ್ಗುಲಿಗೆ ನಮ್ಮ ಹೊಲ. ಹೊಲದ ತುದಿಗೆ ತಗಡಿನ ಚಪ್ಪರ, ಅದರ ಕೆಳಗೆ ಒಲೆ, ಒಲೆಯ ಮೇಲೆ ಆಳುಗಳು ಬಡಿಗೆ ಕೊಟ್ಟು ಎತ್ತಬೇಕಾದಂಥ ದೊಡ್ಡ ಕೊಪ್ಪರಿಗೆ. ಡಾಕ್ಟರು ಸ್ಕೂಟರನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿ, ಒಲೆಯಿಂದ ಸಾಕಷ್ಟು ದೂರದಲ್ಲಿ ಒಂದು ಗೋಣಿಚೀಲ ಹಾಸಿಕೊಂಡು ಕುಳಿತರು. ಯಾವಾಗ ಬಂದರೂ ಅಷ್ಟೇ ದೂರ ಕುಳಿತುಕೊಳ್ಳುತ್ತಿದ್ದರು. ನನ್ನ ತಂಗಿ ತಂಬಿಗೆಯಲ್ಲಿ ಕಬ್ಬಿನ ಹಾಲು ತಂದುಕೊಟ್ಟಳು.

“ಇತ್ಲಾಗ ಬರ್ರಿ ಡಾಕ್ಟರ್ರ, ನಮ್ಮ ಕೊಪ್ಪರಿಗಿ ಸೂಜಿ ಚುಚ್ಚೂದಿಲ್ಲ” ಎಂದಳು.

“ಸೂಜಿ ಆಗಿದ್ರ ನಾ ಯಾಕ ಹೆದರತಿದ್ನಿ ಬೇ. ಮೊದಲ ನಿನ್ನ ಸೆರಗ ಸಿಗಿಸ್ಗೊ.”

“ನಿಮ್ಮ ಮುಂದ ಯಾರೂ ಸುಖಾಲೆ ನಿಂದ್ರಾಂಗಿಲ್ಲ ನೋಡ್ರಿ.”

ಅಪ್ಪ ನಕ್ಕ. ಡಾಕ್ಟರು ನಗಲಿಲ್ಲ. ಒಲೆಯ ಸುತ್ತ ಚೆಲ್ಲಿದ ಕಬ್ಬಿನ ಹಾಲಿನಿಂದ ನೆಲ ಜಿಗುಟಾಗಿತ್ತು. ಅದರ ಮೇಲೆ ಒಂದಿಷ್ಟು ಬೂದಿ ಹಾಕಿಸಿರಿ ಎಂದು ಅಪ್ಪನಿಗೆ ಹೇಳಿದರು. ಬಿಸಿ ಬೆಲ್ಲಕ್ಕೆ ಅದ್ದಿದ ಶೇಂಗಾ ತಿಂದರು. ಮುಂದಿನ ವಾರ ಮನೆಗೆ ಬೆಲ್ಲ ಬೇಕು ಎಂದು ಹೇಳಿ ಹೋದರು. ಅದೇ ನಮ್ಮ ಮನೆಯ ಕೊನೆಯ ಸಾದಾ ದಿನ.

ಮರುದಿನ ಮಧ್ಯಾಹ್ನ ಪಾಕ ಹದಕ್ಕೆ ಬಂದಿತ್ತು. ಆಳುಗಳು ಕೊಪ್ಪರಿಗೆಯನ್ನು ಎತ್ತುವಾಗ ಮುಂದಿದ್ದವನ ಕಾಲು ಜಾರಿತು. ತಂಗಿ ಬುತ್ತಿ ಇಟ್ಟು ತಿರುಗಿ ಹೋಗುತ್ತಿದ್ದಳು. ಸೊಂಟದಿಂದ ಕೆಳಗೆ, ಮತ್ತೆ ಎಡಗೈ. ಕುದಿಯುವ ನೀರು ಬಿದ್ದರೆ ಹರಿದು ಹೋಗುತ್ತದೆ. ಪಾಕ ಹರಿಯುವುದಿಲ್ಲ, ಅಂಟಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ನನಗೆ ಬರೆಯಲು ಆಗುವುದಿಲ್ಲ.

ಜೀಪಿನಲ್ಲಿ ಹಾಕಿಕೊಂಡು ಚಿಕ್ಕೋಡಿಯ ಅವರ ದವಾಖಾನೆಗೆ ಹೋದಾಗ ಅವರು ಹೊರಗೆ ಬಂದು ಮೊದಲು ಕೇಳಿದ್ದು, “ಯಾವಾಗ?”

ಅಪ್ಪ “ಕೊಪ್ಪರಿಗಿ ಎತ್ತೂವಾಗರಿ, ಒಬ್ಬನ ಕಾಲ...” ಎಂದು ಶುರು ಮಾಡಿದ.

“ಹೆಂಗ ಅಂತ ಆಮ್ಯಾಲೆ ಹೇಳ್ರಿ. ಯಾವಾಗ?”

ಆ ಪ್ರಶ್ನೆಗೆ ಅವರು ಹೆಸರಾಗಿದ್ದರು. ಎಂಬತ್ತರ ದಶಕದಲ್ಲಿ ನಮ್ಮ ಕಡೆ ಸುಟ್ಟುಕೊಂಡು ಬರುವವರಲ್ಲಿ ಹೆಂಗಸರೇ ಹೆಚ್ಚು. ಸೀಮೆಎಣ್ಣೆಯ ಸ್ಟೋವು, ಒಲೆ, ಇನ್ನೇನೋ. ಬಂದವರನ್ನು ಎಲ್ಲರೂ ‘ಹೆಂಗಾತು’ ಎಂದೇ ಕೇಳುತ್ತಿದ್ದರು, ಆ ಪ್ರಶ್ನೆಗೆ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಇವರು ಹೇಳುತ್ತಿದ್ದರು: “ಹೆಂಗ ಅನ್ನೋದು ಪೊಲೀಸರಿಗೆ ಬೇಕು. ನನಗ ಯಾವಾಗ ಅನ್ನೋದು ಬೇಕು.”

ಅವರು ನಿಪ್ಪಾಣಿಯವರು. ತಾಯಿ ಬೀಡಿ ಕಟ್ಟಿ ಓದಿಸಿದ್ದಳು. ಮುಂಬೈಯಲ್ಲಿ ಕಲಿತು, ಅಲ್ಲಿ ಒಂದು ದೊಡ್ಡ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಕೆಲಸ ಮಾಡಿ, ತಿರುಗಿ ಬಂದು ಚಿಕ್ಕೋಡಿಯಲ್ಲಿ ದವಾಖಾನೆ ಹಾಕಿದ್ದರು. ಗಾಯದ ಪಟ್ಟಿ ಬಿಚ್ಚುವ ಮೊದಲು ಬಗ್ಗಿ ಅದನ್ನು ಮೂಸುತ್ತಿದ್ದರು. ನೋಡಿದವರಿಗೆ ಹೇಸಿಕೆ ಬರುತ್ತಿತ್ತು. “ತಂಬಾಕಿನ ಘಾಟಿನ್ಯಾಗ ಬೆಳದ ಮೂಗ ಇದು. ಆದ್ರೂ ನನ್ನ ಕಣ್ಣಿಗಿಂತ ಮುಂಚೇಕ ಇದಕ್ಕ ಗೊತ್ತಾಗತೈತಿ” ಎನ್ನುತ್ತಿದ್ದರು. ಮೂಸಿ ನೆಟ್ಟಗೆ ನಿಂತಾಗ ಏನಾದರೂ ಬೈದರೆ ಒಳ್ಳೆಯದು. ಸುಮ್ಮನಾದರೆ ಕೆಟ್ಟದ್ದು. ಇದನ್ನು ನಾನು ಆ ವಾರದಲ್ಲಿ ಕಲಿತೆ.

ಆಗ ನಮ್ಮ ಕಡೆ ಸುಟ್ಟವರಿಗೆ ಮಾಡುತ್ತಿದ್ದುದು ಕಾಯುವುದು. ಮುಲಾಮು ಹಚ್ಚಿ, ಪಟ್ಟಿ ಕಟ್ಟಿ, ಸತ್ತ ಚರ್ಮ ತಾನಾಗಿ ಕಳಚಿ ಬೀಳುವವರೆಗೆ ವಾರಗಟ್ಟಲೆ ಕಾದು, ಆಮೇಲೆ ಬೇರೆ ಕಡೆಯ ಚರ್ಮ ತೆಗೆದು ಹಚ್ಚುವುದು. ಅಷ್ಟರೊಳಗೆ ಬಹಳ ಜನ ಹೋಗಿಬಿಡುತ್ತಿದ್ದರು. ಇವರ ಹಟ ಬೇರೆ. ಸತ್ತ ಚರ್ಮ ಮೈಮೇಲೆ ಇರುವಷ್ಟು ದಿನವೂ ಅದು ಕೊಳೆಯಲು ದಾರಿ. ಮೊದಲ ವಾರದೊಳಗೇ, ನಂಜು ಹತ್ತುವ ಮುಂಚೆ, ಅದನ್ನು ಕೊಯ್ದು ತೆಗೆದು ಹೊಸ ಚರ್ಮ ಹಚ್ಚಬೇಕು ಎನ್ನುತ್ತಿದ್ದರು. ಹಾಗೆ ಕೊಯ್ದರೆ ರಕ್ತ ಬಹಳ ಹೋಗುತ್ತದೆ. ಅದಕ್ಕೇ ಉಳಿದ ಡಾಕ್ಟರುಗಳು ಹೆದರುತ್ತಿದ್ದರು.

ಊರಿನಲ್ಲಿ ಇನ್ನೊಬ್ಬ ಹಿರಿಯ ಡಾಕ್ಟರಿದ್ದರು, ಇವರಿಗೆ ಗುರುಗಳ ಹಾಗೆ. ತಂಗಿಯನ್ನು ನೋಡಲು ಅವರನ್ನೂ ಕರೆಸಿದ್ದರು. ಇಬ್ಬರೂ ಪಡಸಾಲೆಯಲ್ಲಿ ನಿಂತು ಮಾತಾಡಿದ್ದು ನಮಗೆ ಕೇಳಿಸುತ್ತಿತ್ತು.

“ಗಿಡದ ತೊಗಟಿ ತಾನ ಬೀಳತೈತೋ. ನೀ ಯಾಕ ಕೀಳಾಕ ಹೋಗತೀ?”

“ಅದು ಬೀಳೂತನಕ ಗಿಡ ನಿಂತಿರಬೇಕಲ್ರಿ ಸರ.”

“ಮೇಜಿನ ಮ್ಯಾಲ ಹೋದ್ಲಂದ್ರ ಮಂದಿ ನಿನಗ ಅಂತಾರ. ಹಾಸಿಗ್ಯಾಗ ಹೋದ್ರ ದೇವರಿಗೆ ಅಂತಾರ.”

“ದೇವರು ಎಷ್ಟಂತ ಹೊರತಾನ್ರಿ ಸರ, ಒಂದಿಷ್ಟ ನಾನೂ ಹೊರತೀನಿ” ಎಂದರು ಇವರು. ಹಿರಿಯರು ಇವರ ಬೆನ್ನಿಗೆ ಒಂದು ಏಟು ಕೊಟ್ಟು ಹೋದರು. ಅದು ಸಿಟ್ಟೋ ಅಕ್ಕರೆಯೋ ನನಗೆ ಗೊತ್ತಾಗಲಿಲ್ಲ.

ಡಾಕ್ಟರು ನಮ್ಮನ್ನು ದೊಡ್ಡ ಊರಿನ ಆಸ್ಪತ್ರೆಗೆ ಕಳಿಸಲು ನೋಡದೆ ಇರಲಿಲ್ಲ. ಮಾಮಾ ಹೋಗಿ ಕೇಳಿ ಬಂದ. ಅಲ್ಲಿ ಒಂದೊಂದು ಮಂಚಕ್ಕೆ ಇಬ್ಬರು. ಮತ್ತೆ ಅಲ್ಲಿಯೂ ಕಾಯುತ್ತಾರೆ ಎಂದ. ಡಾಕ್ಟರು ಅಪ್ಪನನ್ನು ಕರೆದು ಕೂರಿಸಿಕೊಂಡರು.

“ಕಬ್ಬ ಕಡದ ಮ್ಯಾಲ ಗಾಣಕ್ಕ ಹಾಕೂದು ತಡ ಆದ್ರ ಏನಾಗತೈತ್ರಿ?”

“ಹುಳಿ ಬರತೈತಿ. ಬೆಲ್ಲ ಕಟ್ಟೂದಿಲ್ಲ.”

“ಎಷ್ಟ ಪಾಕ ತಿರುವಿದ್ರೂ?”

“ತಿರುವಿದ್ರೂ ಇಲ್ರಿ. ಹೊತ್ತ ಹೋಯ್ತಂದ್ರ ಹೋತು.”

“ಹಂಗ” ಎಂದರು ಡಾಕ್ಟರು. ಅಪ್ಪ ತಲೆಯಾಡಿಸಿದ. ಅಷ್ಟಕ್ಕೇ ಒಪ್ಪಿಗೆ ಮುಗಿಯಿತು.

ಸುಳ್ಳು ಹೇಳುವ ಮನುಷ್ಯ ಅವರಲ್ಲ. ಉಳಿಯುವುದಿಲ್ಲ ಎಂದರೆ ಉಳಿಯುವುದಿಲ್ಲ ಎಂದು ಮುಖಕ್ಕೆ ಹೇಳುತ್ತಿದ್ದರು. ಎಷ್ಟೋ ಜನ ಆ ಒಂದೇ ಕಾರಣಕ್ಕೆ ಅವರನ್ನು ದೂರುತ್ತಿದ್ದರು. ನಮಗೂ ಹೇಳಿದರು: “ಉಳಿಯೋ ದಾರಿ ಐತಿ. ಅಗಲ ಇಲ್ಲ, ಸಣ್ಣದೈತಿ. ಅದು ಮುಚ್ಚೂದ್ರಾಗ ನಾವು ದಾಟಬೇಕು.”

ಆಮೇಲೆ ನೆಂಟರು ಬರತೊಡಗಿದರು. ಮಂದಿ ಬಂದು ಮಾತಾಡಿಸದಿದ್ದರೆ ನಮ್ಮಲ್ಲಿ ಅದು ಮರ್ಯಾದೆ ಅಲ್ಲ. ಟ್ರಾಕ್ಟರಿನ ಟ್ರೇಲರಿನಲ್ಲಿ ಕುಳಿತು ಅಥಣಿಯಿಂದ, ಶಿರಗುಪ್ಪಿಯಿಂದ ಬಂದರು. ಡಾಕ್ಟರು ತಂಗಿಯ ಕೋಣೆಯ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿ, ತಾವೇ ಕುಳಿತು ಪೇಪರು ಓದುತ್ತಿದ್ದರು.

“ನಾ ಆಕೀ ಮಾವಶಿರಿ. ಮಾರಿ ನೋಡಿ ಹೋಗತೀನಿ” ಎಂದಳು ಅವ್ವನ ತಂಗಿ.

“ಮಾರಿ ನೋಡಾಕ ಬಂದೀರಿ ಖರೆ. ಕಾಲಾಗ ಇಷ್ಟ ಧೂಳ ಯಾಕ ತಂದೀರಿ?”

“ಅಯ್ಯ, ಅಷ್ಟ ದೂರಿಂದ ಬಂದೀನಿ!”

“ದೂರಿಂದ ಬಂದಷ್ಟು ಧೂಳ ಜಾಸ್ತಿ ಇರತೈತ್ರಿ ಅಕ್ಕಾರ. ಕಿಡಕ್ಯಾಗಿಂದ ಕೈ ಮಾಡ್ರಿ.”

ಒಳಗಿನಿಂದ ತಂಗಿ ನಗುವುದು ಕೇಳಿಸುತ್ತಿತ್ತು. ಅಷ್ಟು ನೋವಿನಲ್ಲೂ ನಗುತ್ತಿದ್ದಳು. ಅವ್ವ ಮಾತ್ರ ಡಾಕ್ಟರಪ್ಪ ಡಾಕ್ಟರಪ್ಪ ಎಂದು ಅವರ ಬೆನ್ನಿಗೇ ತಿರುಗುತ್ತಿದ್ದಳು.

ರಕ್ತ ಕೊಡುವುದಕ್ಕೆ ನಾನು, ನಮ್ಮ ಗಾಣದ ಆಳುಗಳು, ಮಾಮಾ ನಿಂತೆವು. ಮಾಮಾ ಕುಸ್ತಿ ಆಡಿದವ. ಊರಿಗೆಲ್ಲ ಅವನ ತೊಡೆಯ ಹೆಸರು. ಸೂಜಿ ನೋಡಿದ ಕೂಡಲೇ ಕುಳಿತಲ್ಲೇ ಹೊರಳಿದ. ಡಾಕ್ಟರು ಅವನ ಮುಖಕ್ಕೆ ನೀರು ಹೊಡೆದು, “ಪೈಲ್ವಾನ, ಯಾರೂ ಹಿಡೀಲಾರದ ಚಿತ್ ಆದ್ಯಲ್ಲೋ” ಎಂದರು. ಎದ್ದು ಕೂತ ಮೇಲೆ ಅವನಿಂದಲೂ ತೆಗೆದರು.

ಆಪರೇಷನ್ನಿಗೆ ಮಂಪರು ಕೊಡುವ ಡಾಕ್ಟರು ಕೊಲ್ಲಾಪುರದಿಂದ ಬರಬೇಕಾಗಿತ್ತು. ಆ ದಿನಗಳಲ್ಲಿ ಒಬ್ಬರೇ ನಾಲ್ಕಾರು ಊರು ತಿರುಗುತ್ತಿದ್ದರು; ಚಿಕ್ಕೋಡಿಗೆ ವಾರದಲ್ಲಿ ಒಂದೋ ಎರಡೋ ಸಲ, ಅದೂ ಮುಂಜಾನೆ ಬಂದು ಮಧ್ಯಾಹ್ನಕ್ಕೆ ಹೊರಡುವುದು. ಆಪರೇಷನ್ನು ಅವರ ದಿನಕ್ಕೆ ಹೊಂದಿಕೊಂಡು ಗೊತ್ತಾಯಿತು. ಹಿಂದಿನ ದಿನ ಡಾಕ್ಟರು ನಮ್ಮೆಲ್ಲರನ್ನೂ ನಿಲ್ಲಿಸಿ ಹೇಳಿದರು: “ನಾಳೆ ಮುಂಜಾನೆ ಆಕೀ ಬಾಯಿಗೆ ಊಟ ಇಲ್ಲ, ಚಹಾ ಇಲ್ಲ, ನೀರೂ ಇಲ್ಲ. ತಿಳೀತೇನವ್ವಾ?”

“ತಿಳೀತಪ್ಪ” ಎಂದಳು ಅವ್ವ.

ಅವ್ವನಿಗೆ ಉಪವಾಸ ಹೊಸದಲ್ಲ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಅವಳು ನೀರನ್ನೂ ಮುಟ್ಟುತ್ತಿರಲಿಲ್ಲ. ಪರ್ವದ ದಿನಗಳಲ್ಲಿ ದಿನಗಟ್ಟಲೆ ಬರೀ ಬಾಯಲ್ಲಿ ಇದ್ದು, ಮನೆಯ ಕೆಲಸವನ್ನೂ ಮಾಡಿದವಳು. ಆದರೆ ನಮ್ಮ ಮನೆಯಲ್ಲಿ ಇನ್ನೊಂದು ರೂಢಿಯಿತ್ತು. ಯಾರು ಯಾವ ದೊಡ್ಡ ಕೆಲಸಕ್ಕೆ ಹೊರಟರೂ, ಪರೀಕ್ಷೆಗೆ, ಕೋರ್ಟಿಗೆ, ಹೆಣ್ಣು ನೋಡಲಿಕ್ಕೆ, ಹೊಸಿಲು ದಾಟುವ ಮೊದಲು ಅಂಗೈಗೆ ಮೊಸರು ಸಕ್ಕರೆ ಹಾಕುತ್ತಿದ್ದಳು. ನೆಕ್ಕಿ ಹೊರಡಬೇಕು, ತಿರುಗಿ ನೋಡಬಾರದು. ಅವ್ವನ ಲೆಕ್ಕದಲ್ಲಿ ಅದು ಊಟವಲ್ಲ, ತಿಂಡಿಯೂ ಅಲ್ಲ. ಅದು ಶಕುನ.

ಆ ಮುಂಜಾನೆ ನಾನು, ಅಪ್ಪ ರಕ್ತದ ಬಾಟಲಿಗಳನ್ನು ಒಳಗೆ ಕೊಡುವ ಓಡಾಟದಲ್ಲಿದ್ದೆವು. ಅವ್ವ ತಂಗಿಯ ಹತ್ತಿರ ಒಬ್ಬಳೇ ಇದ್ದಳು.

ಸ್ಟ್ರೆಚರು ತಳ್ಳಿಕೊಂಡು ಆಪರೇಷನ್ ಕೋಣೆಯ ಒಳಗಿನವರೆಗೂ ನಾನು ಹೋದೆ. ಎತ್ತಿ ಮೇಜಿನ ಮೇಲೆ ಮಲಗಿಸಲು ಒಬ್ಬರು ಬೇಕಾಗಿತ್ತು. ಕೊಲ್ಲಾಪುರದ ಡಾಕ್ಟರು ತಂಗಿಯ ತಲೆ ನೇವರಿಸಿ, ಬೆಳಗ್ಗೆಯಿಂದ ಏನಾದರೂ ತಿಂದೆಯಾ ಮಗಳೇ ಎಂದು ಮರಾಠಿಯಲ್ಲಿ ಕೇಳಿದರು.

“ಏನಿಲ್ರಿ” ಎಂದಳು ತಂಗಿ. “ಬರೇ ಮೊಸರು ಸಕ್ರಿ. ಭಾಳ ನೀರಡಿಕಿ ಆಗಿತ್ರಿ, ಇನ್ನೊಂದಿಷ್ಟ ಕೊಡವ್ವಾ ಅಂದ್ನಿ. ಅವ್ವ ಬಟ್ಟಲ ತುಂಬ ಕೊಟ್ಲು.”

ನಮ್ಮ ಡಾಕ್ಟರು ಆಗಲೇ ಕೈಗವಸು ಹಾಕಿಕೊಂಡು ಎರಡೂ ಕೈ ಮೇಲೆತ್ತಿ ನಿಂತಿದ್ದರು. ಕೊಲ್ಲಾಪುರದ ಡಾಕ್ಟರು ನಳಿಗೆಯನ್ನು ಕೆಳಗಿಟ್ಟರು. ಮಂಪರಿನಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕ್ಕೆ ಇಳಿದರೆ ಮೇಜಿನ ಮೇಲೇ ಹೋಗುತ್ತಾಳೆ, ನಾನು ಕೊಡುವುದಿಲ್ಲ ಎಂದರು.

“ಸಂಜೀತನಕ ನಿಂದ್ರೂಣ್ರಿ” ಎಂದರು ನಮ್ಮ ಡಾಕ್ಟರು.

ಸುಟ್ಟವರ ಹೊಟ್ಟೆ ಬೇಗ ಖಾಲಿಯಾಗುವುದಿಲ್ಲ, ಅದು ನಿಮಗೂ ಗೊತ್ತು. ಮಧ್ಯಾಹ್ನ ಕೊಲ್ಲಾಪುರದಲ್ಲಿ ಹೆರಿಗೆಯ ಆಪರೇಷನ್ನು ಒಂದಿದೆ, ಬಿಡಲಾಗುವುದಿಲ್ಲ ಎಂದರು ಅವರು. ಅವರದೂ ತಪ್ಪಿರಲಿಲ್ಲ. ಇನ್ನು ಅವರು ಬರುವುದು ವಾರದ ಕೊನೆಗೆ. ನಮ್ಮ ಡಾಕ್ಟರು ಕೈಗವಸಿನ ಒಂದೊಂದೇ ಬೆರಳು ಎಳೆದು ಬಿಚ್ಚಿದರು. ತಂಗಿ ನನ್ನ ಕಡೆ ನೋಡಿ, “ಏನಾತು ದಾದಾ?” ಎಂದಳು.

ಡಾಕ್ಟರು ಹೊರಗೆ ನಡೆದರು. ನಾನು ಹಿಂದೆ ಹೋದೆ. ಬೆಂಚಿನ ಮೇಲೆ ಅವ್ವ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳುತ್ತಿದ್ದಳು. ಪಕ್ಕದಲ್ಲಿ ಬಟ್ಟಲಿತ್ತು, ಅದರಲ್ಲಿ ಚಮಚ. ಡಾಕ್ಟರು ಬಟ್ಟಲನ್ನು ನೋಡಿದರು. ಅವ್ವನನ್ನು ನೋಡಿದರು. ಈಗ ಬೈಯುತ್ತಾರೆ ಎಂದುಕೊಂಡೆ. ಇಡೀ ದವಾಖಾನೆ ನಡುಗುವ ಹಾಗೆ ಬೈಯುವುದು ಅವರಿಗೆ ಬರುತ್ತಿತ್ತು.

“ಅವ್ವಾ, ಇವತ್ತ ಆಗೂದಿಲ್ಲ. ಗ್ಯಾಸಿನ ಮಷೀನ ಕೆಟ್ಟೈತಿ” ಎಂದರು.

ಅವ್ವ ಎದ್ದು ನಿಂತಳು. “ಕೆಟ್ಟೈತಿ? ಇಷ್ಟ ದಿನ ಏನ ಮಾಡತಿದ್ರಿ? ಮೊದಲ ನೋಡಬಾರದೇನ್ರಿ?”

“ನೋಡಬೇಕಾಗಿತ್ತವ್ವಾ.”

ನನ್ನ ಕಡೆ ಒಂದು ಸಲ ನೋಡಿ ಒಳಗೆ ಹೋದರು. ಆ ನೋಟದಲ್ಲಿ ಹೇಳಿದ್ದು ನನಗೆ ತಿಳಿಯಿತು. ನನ್ನ ತಂಗಿಯ ಹತ್ತಿರ ಅವರೇ ಕುಳಿತು, ಮೊಸರಿನ ಮಾತು ಇನ್ನು ಎತ್ತಬೇಡ ಎಂದು ಹೇಳಿದರಂತೆ. ಅವಳೂ ಎತ್ತಲಿಲ್ಲ.

ಆ ಕಾಯುವ ದಿನಗಳನ್ನು ಏನೆಂದು ಬರೆಯಲಿ. ಡಾಕ್ಟರು ಸ್ಕೂಟರು ತೆಗೆದುಕೊಂಡು ನಿಪ್ಪಾಣಿಗೆ, ಅಲ್ಲಿಂದ ಬೇರೆ ಬೇರೆ ಊರಿಗೆ ಹೋಗಿ ಮಂಪರು ಕೊಡುವ ಇನ್ನೊಬ್ಬರನ್ನು ಹುಡುಕಿದರು. ಒಬ್ಬರು ಮದುವೆಗೆ ಹೋಗಿದ್ದರು. ಇನ್ನೊಬ್ಬರು ಸುಟ್ಟವರಿಗೆ ಇಷ್ಟು ಬೇಗ ಕೊಡುವುದಿಲ್ಲ ಎಂದರು. ನಮ್ಮ ಡಾಕ್ಟರು ತಿರುಗಿ ಬಂದವರೇ ಚಪ್ಪಲಿ ಬಿಟ್ಟು ನೇರ ತಂಗಿಯ ಹತ್ತಿರ ಹೋಗಿ ಬಗ್ಗಿ ಮೂಸುತ್ತಿದ್ದರು. “ಈ ಪಟ್ಟಿ ಯಾರ ಕಟ್ಟಿದವ್ರು? ಎಮ್ಮಿಗೆ ಹಗ್ಗ ಕಟ್ಟಿದಂಗ ಕಟ್ಟ್ಯಾರ” ಎಂದು ನರ್ಸಮ್ಮನಿಗೆ ಬೈದರು. ನಾನು ಉಸಿರು ಬಿಟ್ಟೆ. ಮರುದಿನವೂ ಬೈದರು. ಅದರ ಮರುದಿನ ಮೂಸಿ, ನೆಟ್ಟಗೆ ನಿಂತು, ಸುಮ್ಮನೆ ಕಿಟಕಿಯ ಹತ್ತಿರ ಹೋದರು.

ತಂಗಿಗೆ ಚಳಿ ಹತ್ತಿ ಜ್ವರ ಏರಿತು. ಕೊಲ್ಲಾಪುರದ ಡಾಕ್ಟರು ಹೇಳಿದ್ದಕ್ಕಿಂತ ಒಂದು ದಿನ ಮುಂಚೆ ತಾವಾಗಿ ಬಂದರು. ಅವರಿಗೂ ನಿದ್ದೆ ಬಂದಿರಲಿಕ್ಕಿಲ್ಲ. ಆ ದಿನ ಅವ್ವನ ಕೈಯಲ್ಲಿ ಬಟ್ಟಲಿರದ ಹಾಗೆ ನಾನೇ ಅವಳ ಜೊತೆ ಕುಳಿತೆ. ಮಧ್ಯಾಹ್ನದವರೆಗೂ ಕೊಯ್ದರು. ಕೊಟ್ಟ ರಕ್ತ ಸಾಲದೆ ಮಾಮಾ ಕೇಳದೆಯೇ ಮತ್ತೆ ತೋಳು ಚಾಚಿದ. ಹಚ್ಚಿದ ಚರ್ಮ ಹಿಡಿಯಲಿಲ್ಲ. ನಂಜು ಅಷ್ಟರೊಳಗೆ ರಕ್ತಕ್ಕೆ ಇಳಿದಿತ್ತು. ಮುಂದಿನ ವಾರ ಒಂದು ಮುಂಜಾನೆ, ಅವ್ವ ತಲೆ ಬಾಚುತ್ತಿರುವಾಗ ತಂಗಿ ಹೋದಳು.

ಡಾಕ್ಟರು ನಮ್ಮ ಊರಿಗೆ ಬಂದರು. ಎಲ್ಲ ಮುಗಿದ ಮೇಲೆ ನದಿಯ ಕಡೆಯಿಂದ ನಡೆದು ಬರುವಾಗ ನಾನು ಕೇಳಿದೆ.

“ಅವತ್ತ ಆಗಿದ್ರ ಉಳೀತಿದ್ಲೇನ್ರಿ?”

“ಗೊತ್ತಿಲ್ಲ ತಮ್ಮಾ. ನಾ ಉಳಸತಿದ್ನಿ ಅಂತ ಹೇಳಿದ್ರ ಸುಳ್ಳಾಗತೈತಿ. ದಾರಿ ಇತ್ತು ಅಷ್ಟ.”

“ಅವ್ವ ನಿಮಗ ಏನೇನೋ ಅನ್ನಾಕತ್ತಾಳ್ರಿ. ನಾ ಆಕೀಗೆ...”

ಅವರು ನಿಂತರು. “ಹೋದಾಕಿ ಹೋದ್ಲು. ನಿಮ್ಮವ್ವ ಇನ್ನಾ ಬದಕಬೇಕೈತಲ್ಲೋ. ದಾರಿ ಇತ್ತು ಅನ್ನೂದನ್ನ ಆಕೀಗೆ ಎಂದೂ ಹೇಳಬ್ಯಾಡ.”

ಅವ್ವ ಬದುಕಿದಳು. ಬಹಳ ವರ್ಷ ಬದುಕಿದಳು, ಮತ್ತು ಆ ಡಾಕ್ಟರನ್ನು ಬೈಯುತ್ತ ಬದುಕಿದಳು. ಮದುವೆಯ ಮನೆಯಲ್ಲಿ, ಬಸದಿಯ ಕಟ್ಟೆಯ ಮೇಲೆ, ಬಸ್ಸಿನಲ್ಲಿ. ‘ಮಷೀನ ಕೆಟ್ಟ ದವಾಖಾನಿ’ ಎಂಬ ಹೆಸರು ಹಬ್ಬಿತು. ಕಾಗವಾಡ, ಉಗಾರದ ಕಡೆಯಿಂದ ಸುಟ್ಟವರನ್ನು ತರುವವರು ಕಡಿಮೆಯಾದರು. ಹಿರಿಯ ಡಾಕ್ಟರು ಹೇಳಿದ ಹಾಗೆಯೇ ಆಯಿತು. ಮಂದಿ ದೇವರಿಗೆ ಏನೂ ಅನ್ನಲಿಲ್ಲ.

ಒಮ್ಮೆ ಗುರುವಾರದ ಸಂತೆಯಲ್ಲಿ ನಾವು ಅವರಿಗೆ ಎದುರಾದೆವು. ನಾನು ಅವ್ವನ ಕೈ ಹಿಡಿದು ಬೇರೆ ಕಡೆ ತಿರುಗಿಸಿದೆ. ಅವಳು ಕೈ ಕಿತ್ತುಕೊಂಡು ಹೋಗಿ ಅವರ ಮುಂದೆ ನಿಂತಳು.

“ಸಾಹೇಬ್ರ, ಮಷೀನ ರಿಪೇರಿ ಆತೇನ್ರಿ?”

ಅಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದ ಮಂದಿ ತಲೆ ಎತ್ತಿದರು. ಡಾಕ್ಟರ ಕೈಯಲ್ಲಿ ಕಾಯಿಪಲ್ಲೆಯ ಚೀಲವಿತ್ತು.

“ಆಗೇತವ್ವಾ.”

“ನನ್ನ ಮಗಳು ರಿಪೇರಿ ಆಗಲಿಲ್ಲ ನೋಡ್ರಿ.”

“ಹೌದವ್ವಾ. ನಂದ ತಪ್ಪ.”

ಚೀಲ ಕೆಳಗಿಟ್ಟು ಎರಡೂ ಕೈ ಜೋಡಿಸಿದರು. ಅವ್ವ ಇನ್ನೂ ಏನೇನೋ ಅಂದಳು. ಅವಳು ಮುಗಿಸುವವರೆಗೂ ಅವರು ನಿಂತೇ ಇದ್ದರು. ನನ್ನ ಬಾಯಿಯವರೆಗೆ ಬಂದ ಮಾತನ್ನು ಅವರು ಕಣ್ಣಿನಲ್ಲೇ ತಡೆದರು.

ಅವರು ಕೆಲಸ ಬಿಡಲಿಲ್ಲ. ‘ಯಾವಾಗ’ ಎಂದು ಕೇಳುವುದನ್ನೂ ಬಿಡಲಿಲ್ಲ. ತೊಂಬತ್ತರ ದಶಕದಲ್ಲಿ ನನ್ನ ಪರಿಚಯದ ಒಬ್ಬ ಹೋಟೆಲಿನವ ಕುದಿಯುವ ಎಣ್ಣೆಯಲ್ಲಿ ಸುಟ್ಟುಕೊಂಡಾಗ ಜೊತೆಗೆ ಹೋಗಿದ್ದೆ. ಆಪರೇಷನ್ನಿನ ಹಿಂದಿನ ದಿನ ಡಾಕ್ಟರು ಅವನ ತಾಯಿಯ ಎದುರು ನೆಲದ ಮೇಲೆ ಕುಳಿತು ಕೇಳಿದರು: “ನಿಮ್ಮ ಮನ್ಯಾಗ ದೊಡ್ಡ ಕೆಲಸಕ್ಕ ಹೊಂಡೂವಾಗ ಬಾಯಿಗೆ ಏನ ಕೊಡತೀರಿ?” ಆಕೆ ಬೆಲ್ಲ ಎಂದಳು. “ಈಗ ಕೊಡ್ರಿ. ನನ್ನ ಮುಂದ ಕೊಡ್ರಿ. ನಾಳೆ ಮುಂಜಾನೆ ಹಣೀಗೆ ಕುಂಕುಮ ಅಷ್ಟ.” ಆಕೆ ಕೊಟ್ಟಳು. ಅವರು ತಾವೂ ಕೈ ಚಾಚಿ ಒಂದು ಚೂರು ಬೆಲ್ಲ ಹಾಕಿಸಿಕೊಂಡು ತಿಂದರು. ಪ್ರತಿಯೊಬ್ಬರಿಗೂ ಹೀಗೆಯೇ ಕೇಳುತ್ತಾರೆ ಎಂದು ನರ್ಸಮ್ಮ ಹೇಳಿದಳು. ಆ ಹೋಟೆಲಿನವನಿಗೆ ವಾರದೊಳಗೇ ಆಪರೇಷನ್ನಾಯಿತು. ಅವನು ಉಳಿದ. ಈಗಲೂ ಬಜಿ ಕರಿಯುತ್ತಾನೆ.

ಅವ್ವ ಮೊದಲು ತೀರಿಕೊಂಡಳು. ಡಾಕ್ಟರು ಸಂಸ್ಕಾರಕ್ಕೆ ಬಂದು, ಜನರ ಹಿಂದೆ ನಿಂತು ಹೋದರು. ಆಮೇಲೆ ಅವರ ಕೈ ನಡುಗಲು ಶುರುವಾಗಿ ದವಾಖಾನೆ ಮುಚ್ಚಿ ನಿಪ್ಪಾಣಿಗೆ ಹೋದರು. ಇನ್ನು ಹೇಳಬಹುದಲ್ಲವೇ ಎಂದು ಕೇಳಲು ನಾನು ಒಮ್ಮೆ ಹೋಗಿದ್ದೆ. “ನಾ ಇರೂತನಕ ಬ್ಯಾಡ. ಮಂದಿ ಬಂದು ಸಮಾಧಾನ ಹೇಳತಾರ, ನನಗ ಆಗೂದಿಲ್ಲ” ಎಂದು ಚಹಾ ಕುಡಿಸಿ ಕಳಿಸಿದರು. ಹೋದ ತಿಂಗಳು ಅವರು ತೀರಿಕೊಂಡರು. ಹೆಸರು ಹಾಕದೆ ಬರೆಯಿರಿ ಎಂದು ಅವರ ಮನೆಯವರು ಹೇಳಿದ್ದಾರೆ.

ದವಾಖಾನೆಯ ಮಷೀನು ಆ ದಿನ ಕೆಟ್ಟಿರಲಿಲ್ಲ. ಅದನ್ನು ತಿಳಿದಿದ್ದರೆ ಅವ್ವ ಬದುಕುತ್ತಿರಲಿಲ್ಲ. ತಿಳಿಯದ್ದರಿಂದ ಅವರಿಗೆ ಅವಳಿಂದ ಸಿಗಬೇಕಾದ ಒಂದು ಒಳ್ಳೆಯ ಮಾತು ಸಿಗಲಿಲ್ಲ. ಈಗ ಆ ಮಾತು ಆಡುವವರೂ ಇಲ್ಲ, ಕೇಳುವವರೂ ಇಲ್ಲ.